ಮೈಕಮ್ಮ ಮತ್ತು ನಡುವಿನ ಸ್ಪೀಕರ್

ಬಸ್ ನಿಲ್ದಾಣದ ಡ್ರೈವರುಗಳು ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದು ತಮಾಷೆಗೆ. ಆದರೆ ಹೆಸರು ಅಂಟಿಕೊಂಡುಬಿಟ್ಟಿತು. ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವರವರೆಗೆ ಈಗ ಎಲ್ಲರಿಗೂ ಅವಳು ಮೈಕಮ್ಮನೇ. ಟಿಕೆಟ್ ಕಿಂಡಿಗಳ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ರದ್ದು ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಎದುರಿಗೆ ನಿಂತು ಮಾತಾಡಿಸಿದರೆ ಅವಳ ದನಿ ಇಷ್ಟೇ ಇಷ್ಟು. ಶಾಲೆಯಲ್ಲಿ ಹಾಜರಿ ಕೂಗುವಾಗ ಅವಳು ಓಗೊಟ್ಟದ್ದು ಟೀಚರಿಗೆ ಕೇಳಿಸದೆ, ಮುಂದಿನ ಬೆಂಚಿನಲ್ಲಿ ಕೂತಿದ್ದೂ ಎಷ್ಟೋ ಸಲ ಗೈರುಹಾಜರಾದವಳು. ನಿಲ್ದಾಣಕ್ಕೆ ಸೇರಿದ್ದೂ ಟಿಕೆಟ್ ಹರಿದು ಕೊಡುವ ಕೆಲಸಕ್ಕೆ. ಹಳೆಯ ಅನೌನ್ಸರಿಗೆ ಗಂಟಲು ಕಟ್ಟಿಕೊಂಡ ದಿನ, ಬೇರೆ ಯಾರೂ ಬಿಡುವಾಗಿಲ್ಲವೆಂದು ಅವಳನ್ನು ಕರೆದು ಮೈಕಿನ ಮುಂದೆ ಕೂರಿಸಿದರು. ಆ ಸಣ್ಣ ದನಿ ಮೈಕನ್ನು ಹೊಕ್ಕು ಹೊರಬಂದಾಗ ಒಂದೊಂದು ಅಕ್ಷರವೂ ತೊಳೆದು ಒಣಗಿಸಿಟ್ಟ ಹಾಗಿತ್ತು. ಗಂಟಲು ಸರಿಹೋಗಿ ಬಂದ ಹಳೆಯ ಅನೌನ್ಸರ್ ತಾವಾಗಿಯೇ ಲೆಕ್ಕದ ವಿಭಾಗಕ್ಕೆ ಹೋದರು.

ದನಿ ಸಣ್ಣದು, ಹಠ ದೊಡ್ಡದು. ಒಮ್ಮೆ ಒಬ್ಬ ಅಜ್ಜಿ ಅವಳ ಪ್ರಕಟಣೆಯನ್ನು ತಪ್ಪಾಗಿ ಕೇಳಿಸಿಕೊಂಡು ಬೇರೆ ಯಾವುದೋ ಬಸ್ಸು ಹತ್ತಿ ಹೋಗಿಬಿಟ್ಟಿದ್ದರು. ಸಂಜೆ ಅವರ ಮಗ ಬಂದು ಗಾಜಿನ ಕೋಣೆಯ ಮುಂದೆ ನಿಂತು ಕೂಗಾಡಿದ. 'ನಾನು ಸರಿಯಾಗೇ ಹೇಳಿದ್ದೆ' ಎಂದು ಮೈಕಮ್ಮ ಸುಮ್ಮನಾಗಬಹುದಿತ್ತು. ಅದರ ಬದಲು ತನ್ನ ದನಿಯನ್ನೇ ಫೋನಿನಲ್ಲಿ ಹಿಡಿದಿಟ್ಟು, ಅದನ್ನು ಮೈಕಿನಲ್ಲಿ ಹಾಕಲು ಜೊತೆಗಾತಿಗೆ ಹೇಳಿ, ತಾನು ಕೆಳಗಿಳಿದು ನಿಲ್ದಾಣದ ಉದ್ದಕ್ಕೂ ನಡೆದಳು. ಮೂಲೆಯ ಕಡೆಗೆ ಹೋದಂತೆ ಅವಳ ಮಾತು ಅವಳಿಗೇ ಅರ್ಥವಾಗಲಿಲ್ಲ. ಸದ್ದೇನೋ ಭರ್ಜರಿಯಾಗಿತ್ತು. ಆದರೆ ತಗಡಿನ ಮಾಡಿಗೂ ಗೋಡೆಗೂ ಬಡಿದು ವಾಪಸು ಬಂದ ಮಾತು ಹೊಸದಾಗಿ ಬರುತ್ತಿದ್ದ ಮಾತಿನ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತಿದ್ದವು. ನಿಲ್ದಾಣದ ವೈರ್‌ಮನ್‌ನ ಬೆನ್ನು ಹತ್ತಿದಳು. ಅವನಿಗೆ ಎಲ್ಲರೂ ಫ್ಯೂಸಣ್ಣ ಎನ್ನುತ್ತಿದ್ದರು. ಮೇಲೆ ಕಟ್ಟಿದ್ದ ದೊಡ್ಡ ಬಾಯಿಯ ಹಾರ್ನುಗಳನ್ನು ಇಳಿಸಿ, ಸಣ್ಣವನ್ನು ಬೆಂಚುಗಳ ಹತ್ತಿರಕ್ಕೆ, ಜನರ ಕಿವಿಯ ಕಡೆಗೆ ತಿರುಗಿಸಿ ಹಾಕುವವರೆಗೆ ಅವನನ್ನು ಬಿಡಲಿಲ್ಲ. 'ಈ ಹೆಂಗಸು ಹಿಡಿದ ಪಟ್ಟು ಬಿಡೋದಿಲ್ಲ ಮಾರಾಯ' ಎಂದು ಅವನು ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಆ ಮಾತಿನಲ್ಲಿ ಬೈಗುಳಕ್ಕಿಂತ ಮೆಚ್ಚುಗೆಯೇ ಹೆಚ್ಚಿತ್ತು.

ಮನೆಯಲ್ಲಿ ಅವಳ ಜೊತೆ ಇದ್ದವರು ಗಂಡ, ಅತ್ತೆ, ಮಾವ. ಮನೆ ಎರಡನೇ ಮಹಡಿಯಲ್ಲಿ. ಗಂಡ ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದ. ಬೆಳಕು ಹರಿಯುವ ಮುಂಚೆ ಬ್ರೆಡ್ಡು ತುಂಬಿಕೊಂಡು ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದ. ಬಾಯಿ ಜೋರು, ಮನಸ್ಸು ಮೆತ್ತಗೆ. ಮಾವ ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳ ನಡುವೆ ದುಡಿದು ನಿವೃತ್ತರಾದವರು. ಸಿನಿಮಾ ಎಂದರೆ ಅವರಿಗೆ ಪ್ರಾಣ. ಅದರಲ್ಲೂ ಮಾತಿನ ಜಟಾಪಟಿ ಇರುವ ಸಿನಿಮಾ. ನೋಡಿಬಂದ ಮೇಲೆ ಅತ್ತೆಯ ಜೊತೆ ಕೂತು, ಆ ವಕೀಲ ಹಾಗಂದದ್ದು ಸರಿಯೇ, ಆ ಅಣ್ಣ ತಂಗಿಗೆ ಹಾಗೆ ಹೇಳಬಹುದಿತ್ತೇ ಎಂದು ವಾರಗಟ್ಟಲೆ ವಾದ ಮಾಡುತ್ತಿದ್ದರಂತೆ. 'ಇವರ ಜೊತೆ ಸಿನಿಮಾಕ್ಕೆ ಹೋಗೋದು ಒಂದೇ, ಕೋರ್ಟಿಗೆ ಹೋಗೋದು ಒಂದೇ' ಎಂದು ಅತ್ತೆ ಸೊಸೆಯ ಹತ್ತಿರ ನಗುತ್ತಿದ್ದರು.

ಒಂದು ದಿನ ಗಂಡ ವ್ಯಾನಿನಲ್ಲಿ ಬ್ರೆಡ್ಡಿನ ಟ್ರೇಗಳ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಹೇರಿಕೊಂಡು ಬಂದ. ಮನೆ ಖಾಲಿ ಮಾಡಿ ಹೋಗುತ್ತಿದ್ದ ಗಿರಾಕಿಯೊಬ್ಬರು ತಮ್ಮ ಹೋಂ ಥಿಯೇಟರನ್ನು ಅವನ ತಲೆಗೆ ಕಟ್ಟಿದ್ದರು. ಟೀವಿಯ ಎಡಬಲಕ್ಕೆ ಒಂದೊಂದು ಸ್ಪೀಕರು, ಸೋಫಾದ ಹಿಂದೆ ಎರಡು, ನಡುವೆ ಇಡಲು ಅಡ್ಡಡ್ಡ ಮಲಗಿದ ಒಂದು, ಗುಡುಗಿನಂಥ ಸದ್ದಿಗೆ ಸ್ಟೂಲಿನಷ್ಟು ಎತ್ತರದ ವೂಫರ್ ಡಬ್ಬಿ, ಇವನ್ನೆಲ್ಲ ಆಡಿಸುವ ಆಂಪ್ಲಿಫೈಯರು. ಇಡೀ ಭಾನುವಾರ ವೈರು ಎಳೆದು, ಮೊಳೆ ಹೊಡೆದು, ಅವನು ಹಾಲನ್ನು ಥಿಯೇಟರು ಮಾಡಿದ. ನಡುವಿನ ಸ್ಪೀಕರು ನೋಡಲು ಚೆಂದ ಕಾಣಲೆಂದು ಶೋಕೇಸಿನ ಕೆಳಗಿನ ಅರೆಯಲ್ಲಿ, ಗಾಜಿನ ಬಾಗಿಲಿನ ಹಿಂದೆ ಇಟ್ಟ. ಆಂಪ್ಲಿಫೈಯರಿನ ಗುಂಡಿಗಳನ್ನು ಒತ್ತುತ್ತಾ ಹೋಗಿ 'ಸ್ಟೇಡಿಯಂ' ಎಂಬಲ್ಲಿ ನಿಲ್ಲಿಸಿದಾಗ ಅವನ ಕಣ್ಣು ಅರಳಿತು.

"ಕೇಳಿಸ್ಕೊಳ್ಳೇ, ಹೆಂಗಿದೆ ನೋಡು! ಮೈಯೆಲ್ಲ ಝುಮ್ ಅನ್ನುತ್ತೆ."

ಝುಮ್ ಎಂದದ್ದು ನಿಜ. ಹೆಲಿಕಾಪ್ಟರು ತಲೆಯ ಹಿಂದಿನಿಂದ ಹಾರಿಬಂತು. ಬಾಗಿಲು ಬಡಿದರೆ ಕಿಟಕಿ ಅದುರಿತು. ಆದರೆ ನಾಯಕ ತಾಯಿಯ ಹಾಸಿಗೆಯ ಪಕ್ಕ ಕೂತು ಏನೋ ಮುಖ್ಯವಾದದ್ದನ್ನು ಹೇಳಿದಾಗ ಅದು ಪಕ್ಕದ ಮನೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗಿತ್ತು.

"ಏನಂದ?" ಎಂದರು ಮಾವ.

"ಅಮ್ಮನ ಹತ್ರ ಕ್ಷಮೆ ಕೇಳ್ತಿದಾನಪ್ಪಾ!" ಎಂದು ಗಂಡ ಕೂಗಿದ.

ಸ್ವಲ್ಪ ಹೊತ್ತಿಗೆ ಮತ್ತೆ "ಏನಂದ?" ಮತ್ತೊಮ್ಮೆ ಗಂಡ ಕೂಗಿದ. ನಾಲ್ಕಾರು ಸಲ ಹೀಗಾದ ಮೇಲೆ ಅವನು ಹೆಂಡತಿಯ ಕಡೆ ತಿರುಗಿ, "ಮಿಲ್ಲಲ್ಲೇ ಕಿವಿ ಬಿಟ್ಟು ಬಂದಿದಾರೆ ಅಪ್ಪ, ಪಾಪ" ಎಂದ. ಅದನ್ನು ಮೆಲ್ಲಗೇ ಅಂದಿದ್ದ. ವಿಚಿತ್ರವೆಂದರೆ ಆ ಮಾತು ಮಾವನಿಗೆ ಚೆನ್ನಾಗಿ ಕೇಳಿಸಿತು.

ಅವತ್ತಿನಿಂದ ಅವರು "ಏನಂದ" ಎಂದು ಕೇಳುವುದನ್ನೇ ಬಿಟ್ಟರು. ಎಲ್ಲರ ಜೊತೆ ಬಂದು ಕೂರುತ್ತಿದ್ದರು, ಎಲ್ಲರೂ ನಕ್ಕಾಗ ನಗುತ್ತಿದ್ದರು. ಒಂದು ಸಂಜೆ ಮೈಕಮ್ಮ ಸೊಪ್ಪು ಬಿಡಿಸುತ್ತಾ ಕೂತವಳು ಅಕಸ್ಮಾತ್ತಾಗಿ ಅವರ ಕಡೆ ನೋಡಿದಳು. ಮಾವನ ಕಣ್ಣು ಟೀವಿಯ ಮೇಲಿರಲಿಲ್ಲ, ಮಗನ ಮುಖದ ಮೇಲಿತ್ತು. ಮಗ ನಕ್ಕ. ಅದನ್ನು ಕಂಡು ಒಂದು ಕ್ಷಣದ ನಂತರ ಮಾವ ನಕ್ಕರು. ಅವಳ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಇನ್ನು ಕೆಲವು ದಿನಕ್ಕೆ ಅವರು ಹಾಲಿಗೆ ಬರುವುದೂ ನಿಂತುಹೋಯಿತು. ಊಟವಾದ ಕೂಡಲೇ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು.

"ವಯಸ್ಸಾಯ್ತಲ್ಲ, ನಿದ್ದೆ ಜಾಸ್ತಿ" ಎಂದರು ಅತ್ತೆ. ಆದರೆ ವಾದ ಮಾಡಲು ಜನವಿಲ್ಲದೆ ಅವರ ಮುಖವೂ ಸಪ್ಪಗಾಗಿತ್ತು.

ಮೈಕಮ್ಮನ ತಲೆಯಲ್ಲಿ ಹುಳ ಹೊಕ್ಕಿದ್ದು ಆಗಲೇ. ಮಾವನ ಕಿವಿ ಹೋಗಿದ್ದರೆ ತಾನು ಅಡುಗೆಮನೆಯಿಂದ 'ಮಾವ, ಕಾಫಿ' ಎಂದಾಗ ಹೇಗೆ ಎದ್ದು ಬರುತ್ತಾರೆ? ತನ್ನದು ದೊಡ್ಡ ಗಂಟಲೂ ಅಲ್ಲ. ಮರುದಿನ ಗಂಡ ಒಂದು ಹೊಸ ಸಿನಿಮಾ ಹಾಕಿದಾಗ ಅವಳು ಟೀವಿಗೆ ಬೆನ್ನು ಹಾಕಿ ಕೂತು ಬಟ್ಟೆ ಮಡಿಚುತ್ತಾ ಕಿವಿಗೊಟ್ಟಳು. ಹತ್ತು ಮಾತಿನಲ್ಲಿ ನಾಲ್ಕೂ ತಿಳಿಯಲಿಲ್ಲ. ಇಷ್ಟು ದಿನ ತಾನು ಕೇಳುತ್ತಿದ್ದೇನೆ ಅಂದುಕೊಂಡಿದ್ದು ಸುಳ್ಳು. ಪರದೆಯ ಕೆಳಗೆ ಬರುವ ಅಕ್ಷರಗಳನ್ನು ಓದುತ್ತಿದ್ದಳು, ಅಷ್ಟೆ. ಮಾವನಿಗೆ ಕನ್ನಡಕ ಹಾಕಿದರೂ ಆ ಸಣ್ಣ ಅಕ್ಷರ ದಕ್ಕುತ್ತಿರಲಿಲ್ಲ.

'ತಪ್ಪು ಮಾವನ ಕಿವಿಯದಲ್ಲ. ಇದರದ್ದು' ಎಂದು ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿದಳು. ತೀರ್ಮಾನ ಮಾಡಿದ ಮೇಲೆ ಅವಳು ಸುಮ್ಮನೆ ಕೂರುವ ಪೈಕಿಯಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದಳು, ಸದ್ದು ಏರಿಸಿದಳು. ಮಾತು ಚೂರು ಮೇಲೆದ್ದಿತು. ಅಷ್ಟರಲ್ಲಿ ಸಿನಿಮಾದಲ್ಲಿ ಲಾರಿಯೊಂದು ಕಂದಕಕ್ಕೆ ಉರುಳಿತು. ಕೆಳಗಿನ ಮನೆಯ ದರ್ಜಿಯ ಹೆಂಡತಿ ಸೌಟು ಹಿಡಿದುಕೊಂಡೇ ಮೇಲೆ ಓಡಿಬಂದರು.

"ಏನ್ ಬಿತ್ರೀ? ಬೀರು ಬಿತ್ತಾ?"

"ಲಾರಿ ಬಿತ್ತು ಅಕ್ಕಾ. ಟೀವೀಲಿ."

"ನಮ್ಮನೆ ಮೇಲೇ ಬಿದ್ದ ಹಾಗಾಯ್ತಲ್ಲಮ್ಮ!" ಎಂದು ಅವರು ಎದೆ ಹಿಡಿದುಕೊಂಡು ಇಳಿದುಹೋದರು.

ಅಲ್ಲಿಗೆ ಆ ದಾರಿ ಮುಚ್ಚಿತು. ಸ್ಪೀಕರು ಮಾರುವ ಅಂಗಡಿಯೊಂದಕ್ಕೆ ಫೋನು ಮಾಡಿದಳು. ಅಂಗಡಿಯವ ಪೂರ್ತಿ ಕೇಳಿಸಿಕೊಳ್ಳದೆಯೇ ದೊಡ್ಡ ವೂಫರ್ ಹಾಕಿಸಿ ಎಂದ. ಗುಡುಗಿಗೆ ಇನ್ನೊಂದು ಗುಡುಗು ತಂದರೆ ಮಾತು ಹೇಗೆ ಕೇಳಿಸೀತು ಎಂದು ಅವಳು ಫೋನಿಟ್ಟಳು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬರೀ ಮಾತೇ ಇರುವ ಸುದ್ದಿ ಹಚ್ಚಿ, ಒಂದೊಂದು ಸ್ಪೀಕರಿಗೂ ಕಿವಿ ಹಚ್ಚಿ ಕೂತಳು. ಹಿಂದಿನ ಎರಡರಿಂದಲೂ ಮಾತು ಬರುತ್ತಿತ್ತು, ಆದರೆ ಬಾವಿಯೊಳಗಿಂದ ಬಂದ ಹಾಗೆ. ಎಡಬಲದವುಗಳಲ್ಲಿ ಇನ್ನೂ ಕಡಿಮೆ. ಕೊನೆಗೆ ಶೋಕೇಸಿನ ಮುಂದೆ ನೆಲಕ್ಕೆ ಮಂಡಿಯೂರಿ ಗಾಜಿನ ಬಾಗಿಲು ತೆಗೆದಳು. ಸುದ್ದಿ ಓದುವವಳು ತಟ್ಟನೆ ಕೋಣೆಯೊಳಗೆ ಬಂದು ನಿಂತ ಹಾಗಾಯಿತು. ಬಾಗಿಲು ಮುಚ್ಚಿದಳು. ಸುದ್ದಿಯವಳು ಹೊರಟುಹೋದಳು. ತೆಗೆದಳು, ಬಂದಳು.

"ಓಹೋ," ಎಂದಳು ಮೈಕಮ್ಮ ಗಟ್ಟಿಯಾಗಿ, ಖಾಲಿ ಮನೆಗೆ. "ಮಾತೆಲ್ಲ ನಿನ್ನ ಹತ್ತಿರ ಇದೆಯೇನು?"

ಮಾತನಾಡುವ ಸ್ಪೀಕರೇ ಅದು. ಅದನ್ನು ಗಾಜಿನೊಳಗೆ ಕೂಡಿಹಾಕಿ, ಮಂಡಿಯ ಎತ್ತರದಲ್ಲಿ ಇಟ್ಟು, ಎಲ್ಲರೂ ಮಾತಿಗಾಗಿ ಕಾಯುತ್ತಿದ್ದರು. ಅದನ್ನು ಎತ್ತಿ ಟೀವಿಯ ಕೆಳಗಿನ ಮೇಜಿನ ಅಂಚಿಗೆ ಇಡಲು ಹೋದಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಆ ಹೊತ್ತಿಗೆ ಸರಿಯಾಗಿ ಗಂಡ ಬಂದು, 'ಏಯ್, ಏಯ್' ಎಂದು ಹಿಡಿಯಲು ಓಡಿದ. ಸ್ಪೀಕರು ಉಳಿಯಿತು, ಅವನ ಕಾಲ್ಬೆರಳು ಉಳಿಯಲಿಲ್ಲ. ಮಂಚದ ಮೇಲೆ ಕಾಲು ಚಾಚಿ ಐಸು ಒತ್ತಿಕೊಂಡ ಗಂಡನಿಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಎಷ್ಟು ಚೆನ್ನಾಗಿತ್ತು ಅಲ್ಲಿ! ಅಪ್ಪನಿಗೆ ಕೇಳಲ್ಲ ಅಂತ ಮನೆ ಸಾಮಾನೆಲ್ಲ ಉಲ್ಟಾ ಮಾಡ್ತೀಯಾ?"

"ನಿಮಗೂ ಕೇಳ್ತಿಲ್ಲ ರೀ."

"ನಂಗೆ? ನಂಗೇನಾಗಿದೆ?" ಎಂದ ಅವನು, ಬೆರಳಿನ ನೋವೂ ಮರೆತು.

ಅವಳು ಹೆಚ್ಚು ವಾದಿಸಲಿಲ್ಲ. ಮೇಜಿನ ಅಂಚಿಗೆ ತಂದ ಸ್ಪೀಕರಿನ ಮುಂಭಾಗದ ಕೆಳಗೆ ಬಾಗಿಲಿಗೆ ಕೊಡುವ ರಬ್ಬರ್ ತುಂಡು ತೂರಿಸಿ, ಅದರ ಮುಖವನ್ನು ಸೋಫಾದಲ್ಲಿ ಕೂತವರ ಮುಖದ ಕಡೆಗೆ ಎತ್ತಿದಳು. ಸುಮಾರು ಸುಧಾರಿಸಿತು. ಆದರೂ ಹಿಂದೆ ಸಂಗೀತ ಎದ್ದ ಕೂಡಲೇ ಮಾತು ಮುಳುಗುತ್ತಿತ್ತು. ನಿಲ್ದಾಣದಲ್ಲಿ ಊಟದ ಬಿಡುವಿನಲ್ಲಿ ಫ್ಯೂಸಣ್ಣನನ್ನು ಹಿಡಿದಳು. ಅವನು ಇವಳನ್ನು ನೋಡಿದ ಕೂಡಲೇ ಕೈ ಮುಗಿದ.

"ಯಾವ ಹಾರ್ನು ಇಳಿಸ್ಬೇಕು ತಾಯಿ, ಹೇಳಿಬಿಡಿ."

ಇವಳು ಮನೆಯ ಕಥೆ ಹೇಳಿದಳು. ಅವನು ಬಾಯಿಯ ತುತ್ತು ನುಂಗಿ ಯೋಚಿಸಿದ. "ಅದ್ರಲ್ಲಿ ಒಂದೊಂದು ಸ್ಪೀಕರನ್ನೂ ಬೇರೆಬೇರೆಯಾಗಿ ಏರಿಸೋಕಾಗುತ್ತೆ ಅಕ್ಕಾ. ಟೆಸ್ಟ್ ಅಂತ ಇರುತ್ತೆ ನೋಡಿ. ಹಾಕಿದ್ರೆ ಒಂದಾದ ಮೇಲೊಂದು ಸೊಯ್ ಅನ್ನುತ್ತೆ. ಕೂರೋ ಜಾಗದಲ್ಲೇ ಕೂತು ಕೇಳಿ. ಯಾವುದು ಮೆತ್ತಗಿದೆಯೋ ಅದನ್ನ ಮೇಲೆತ್ತಿ. ಎಲ್ಲಾನೂ ಏರಿಸ್ಬೇಡಿ ಮತ್ತೆ, ಕೆಳಗಿನ ಮನೆಯವರು ಪೊಲೀಸರನ್ನ ಕರೀತಾರೆ."

ಸಂಜೆ ಮನೆಗೆ ಬಂದವಳೇ ಮಾವ ಯಾವಾಗಲೂ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಆ ಗುಂಡಿ ಹುಡುಕಿದಳು. ಎಡದ ಮೂಲೆಯಿಂದ ಸೊಯ್ ಎಂದಿತು, ಕುಕ್ಕರಿನ ಹಬೆ ಬಿಟ್ಟಂತೆ. ನಡುವಿನದು ಉಸಿರು ಬಿಟ್ಟ ಹಾಗೆ ಸುಮ್ಮನೆ ಹಾದುಹೋಯಿತು. ಬಲದ್ದು ಮತ್ತೆ ಜೋರು. ಹಿಂದಿನವು ಕಿವಿಯ ಬುಡದಲ್ಲೇ ಹಾವು ಬುಸುಗುಟ್ಟಿದ ಹಾಗೆ. ಹಳೆಯ ಮಾಲೀಕರು ಯಾವ ದೊಡ್ಡ ಕೋಣೆಗೆ ಹೊಂದಿಸಿಕೊಂಡಿದ್ದರೋ ಏನೋ, ಅದೇ ಲೆಕ್ಕ ಈ ಸಣ್ಣ ಹಾಲಿನಲ್ಲೂ ನಡೆಯುತ್ತಿತ್ತು. ಅವಳು ನಡುವಿನದನ್ನು ಸ್ವಲ್ಪಸ್ವಲ್ಪವೇ ಏರಿಸಿ, ಹಿಂದಿನವನ್ನು ಇಳಿಸಿ, ಸುತ್ತ ಎಲ್ಲವೂ ಒಂದೇ ಸಮ ಸೊಯ್ ಎನ್ನುವ ತನಕ ಬಿಡಲಿಲ್ಲ. ಹಾಲಿನಲ್ಲಿ ಕೂತಿದ್ದ ಅತ್ತೆ, "ಏನೇ ಇದು, ಪಂಕ್ಚರ್ ಹಾಕ್ತಿದೀಯಾ?" ಎಂದರು.

ಉಳಿದಿದ್ದು ಸ್ಟೇಡಿಯಂ. ಅದರ ಮೇಲೆ ಅವಳಿಗೆ ಮೊದಲಿನಿಂದಲೂ ಗುಮಾನಿ. ಆ ಗುಂಡಿ ಮಾಡುತ್ತಿದ್ದುದೇನು? ಮಾತಿಗೆ ಬಾಲ ಕಟ್ಟಿ, ದೊಡ್ಡ ಮೈದಾನದಲ್ಲಿ ಕೂಗಿದ ಹಾಗೆ ಸುತ್ತಲೂ ಮೊಳಗಿಸುತ್ತಿತ್ತು. ತಗಡಿನ ಮಾಡಿನ ಕೆಳಗೆ ತನ್ನ ಪ್ರಕಟಣೆಗೆ ಆಗಿದ್ದ ಗತಿಯೇ ಇಲ್ಲೂ ಆಗುತ್ತಿತ್ತು. ಆದರೆ ಅದು ಗಂಡನ ಮುದ್ದಿನ ಗುಂಡಿ. ಅವನಿಗೆ ಹೇಳದೆ ಬದಲಿಸುವುದು ಅವಳಿಗೆ ಸರಿ ಕಾಣಲಿಲ್ಲ.

ರಜೆಯ ದಿನ ಬೆಳಗಿನ ಕಾಫಿಯಾದ ಮೇಲೆ ಅವನನ್ನು ಸೋಫಾದಲ್ಲಿ ಕೂರಿಸಿದಳು.

"ಕಣ್ಣು ಮುಚ್ಚಿ ರೀ."

"ಯಾಕೆ, ಏನಾದ್ರೂ ತಂದಿದೀಯಾ ನಂಗೆ?"

"ಮುಚ್ಚಿ ಅಂದ್ರೆ ಮುಚ್ಚಿ. ಈಗ ಸಿನಿಮಾದಲ್ಲಿ ಈ ಪೊಲೀಸಿನವನು ಏನು ಹೇಳ್ತಾನೋ, ಹಾಗೇ ನಂಗೆ ಹೇಳಿ."

ಸಿನಿಮಾ ಓಡಿತು. ಗಂಡ ಕಣ್ಣು ಮುಚ್ಚಿಕೊಂಡು ಹುಬ್ಬು ಗಂಟಿಕ್ಕಿದ. "ಕೊಲೆ... ಕೊಲೆ ಆದ ದಿನ... ಏನೋ ಬಾಗಿಲು ಅಂದ... ಇನ್ನೊಂದ್ಸಲ ಹಾಕು." ಮತ್ತೆ ಹಾಕಿದಳು. "ಬಾಗಿಲಲ್ಲ, ಬಾಟಲಿ. ಬಾಟಲಿನಾ?" ಕಣ್ಣು ತೆರೆದು ಕೆಳಗಿನ ಅಕ್ಷರ ಓದಿದ. ಪೊಲೀಸಿನವನು ಹೇಳಿದ್ದು ಬಾಡಿಗೆಯವಳ ವಿಷಯ. ಗಂಡನ ಮುಖ ಬಿಳಿಚಿಕೊಂಡಿತು.

"ಅಯ್ಯೋ. ನಂಗೂ ಅಪ್ಪನ ಹಾಗೇ ಕಿವಿ ಹೋಯ್ತಾ?"

"ಇಲ್ಲ ರೀ. ಈಗ ಮುಚ್ಚಿ ಕಣ್ಣು." ಅವಳು ಸ್ಟೇಡಿಯಂ ತೆಗೆದು ಹಾಕಿದಳು. ಅದರ ಪಕ್ಕದಲ್ಲೇ, ಜೋರಾದದ್ದನ್ನು ತಗ್ಗಿಸಿ ಮೆತ್ತಗಿನದನ್ನು ಎತ್ತಿ ಕೊಡುವ ಇನ್ನೊಂದು ಗುಂಡಿ ಇತ್ತು, ಅದನ್ನೂ ಒತ್ತಿದಳು. ಪೊಲೀಸಿನವನು ಟೀವಿಯಿಂದ ಹೊರಗೆ ಬಂದು ಮೇಜಿನ ಮೇಲೆ ಕೂತು ಮಾತಾಡಿದ. ಗಂಡ ಒಂದಕ್ಷರವನ್ನೂ ಬಿಡದೆ ಒಪ್ಪಿಸಿದ. ಆಮೇಲೆ ಅಪ್ಪನ ಕೋಣೆಯ ಕಡೆ ತಿರುಗಿ ನೋಡಿದ.

"ಅಪ್ಪನಿಗೆ ಕಿವುಡ ಅಂದ್ಬಿಟ್ನಲ್ಲೇ."

"ಈಗ ಹೋಗಿ ಕರೀರಿ."

ಅವನು ಹೋಗಿ ಕರೆದ. ಮಾವ ಬರಲಿಲ್ಲ. ಅತ್ತೆ ಕರೆದರು, ಬರಲಿಲ್ಲ. ಮೈಕಮ್ಮ ಕೋಣೆಯ ಬಾಗಿಲಲ್ಲಿ ನಿಂತಳು. ಮಾವ ಕಿಟಕಿಯ ಹತ್ತಿರ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು.

"ಬಿಡಮ್ಮ. ನಂಗೆ ಕೇಳ್ಸಲ್ಲ. ನೀವು ನೋಡ್ಕೊಳಿ, ನಂಗೇನು ಬೇಜಾರಿಲ್ಲ."

"ಮಾವ, ನಾನು ಇಷ್ಟು ದೂರದಿಂದ ಮಾತಾಡ್ತಿದೀನಿ. ಕೇಳ್ತಿದೆ ತಾನೆ?"

"ನಿನ್ನ ಮಾತು ಬೇರೆ."

"ಬೇರೆ ಏನೂ ಇಲ್ಲ. ಐದೇ ನಿಮಿಷ ಕೂತ್ಕೊಳಿ. ತಿಳೀಲಿಲ್ಲ ಅಂದ್ರೆ ಎದ್ದು ಬನ್ನಿ, ಇನ್ಮುಂದೆ ನಾನು ಕರಿಯೋದೇ ಇಲ್ಲ."

ಅವರು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಎದ್ದರು. ಬಂದು ತಮ್ಮ ಕುರ್ಚಿಯಲ್ಲಿ ಕೂತು, ಅಭ್ಯಾಸದಂತೆ ಮಗನ ಮುಖದ ಕಡೆ ನೋಡಿದರು. ಮೈಕಮ್ಮ ಹಾಕಿದ್ದು ಒಂದು ಮನೆಯ ಕಥೆ. ಆಸ್ತಿಗಾಗಿ ಬಂದ ಅಳಿಯ, ಬಾಯಿಬಡುಕಿ ಸೋದರತ್ತೆ. ಸೋದರತ್ತೆ ಬಾಗಿಲಲ್ಲೇ ನಿಂತು ಅಳಿಯನಿಗೆ ಏನೋ ಚುಚ್ಚಿದಳು. ಗಂಡ ಆಗ ಕಾಲ್ಬೆರಳಿನ ಬ್ಯಾಂಡೇಜು ಸರಿಮಾಡಿಕೊಳ್ಳುತ್ತಿದ್ದ, ಕೇಳಿಸಿಕೊಳ್ಳಲಿಲ್ಲ. ಹಾಲಿನಲ್ಲಿ ನಕ್ಕದ್ದು ಮಾವ ಒಬ್ಬರೇ. ನಕ್ಕ ಮೇಲೆ ಅವರಿಗೇ ಗಾಬರಿಯಾಗಿ ಸುತ್ತ ನೋಡಿದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಐದು ನಿಮಿಷ ಕಳೆದು ಎಷ್ಟೋ ಹೊತ್ತಾದರೂ ಮಾವ ಏಳಲಿಲ್ಲ.

ಸಿನಿಮಾ ಮುಗಿದಾಗ ಮೈಕಮ್ಮ ಗೆದ್ದೆನೆಂದು ಅಡುಗೆಮನೆಗೆ ಹೊರಟಿದ್ದಳು. ಮಾವ ಹಿಂದಿನಿಂದ ಕರೆದರು.

"ಒಂದು ಮಾತಮ್ಮ. ಆ ಗಂಡಸರು ಆಡಿದ್ದೆಲ್ಲ ಬಂತು. ಸೋದರತ್ತೇದೂ ಬಂತು. ಆ ಸಣ್ಣ ಹುಡುಗಿ ಮಾತು ಮಾತ್ರ ಅರ್ಧಕ್ಕರ್ಧ ಹೋಯ್ತು. ನಿಮಗೆಲ್ಲ ಬಂತಾ?"

ಬಂದಿತ್ತು. ಹೌದೆಂದರೆ ಅವರಿಗೆ ನೋವಾದೀತು. ತಪ್ಪೆಲ್ಲ ಯಂತ್ರದ್ದೇ ಎಂದು ಸಾಧಿಸಲು ಹೊರಟವಳು ಅವಳು. ಆದರೆ ಮಾವನ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಕೆಟ್ಟ ಮಗ್ಗದ ಮುಂದೆ ನಿಂತು ಎಲ್ಲಿ ಎಳೆ ಕಡಿದಿದೆ ಎಂದು ಹುಡುಕುವವರ ಮುಖ ಅದು.

"ಬಂತು ಮಾವ," ಎಂದಳು.

"ಹಾಗಾದ್ರೆ ಅಷ್ಟು ನನ್ನ ಕಿವಿಯ ಪಾಲು. ಡಾಕ್ಟರ ಹತ್ರ ಹೋಗೋಣ ನಡಿ. ಇಷ್ಟು ದಿನ ಎಲ್ಲಾನೂ ಹೋಯ್ತು ಅಂದ್ಕೊಂಡಿದ್ದೆ. ಎಲ್ಲಾ ಹೋದ ಮೇಲೆ ಡಾಕ್ಟರು ಯಾಕೆ ಅಂತ ಸುಮ್ನಿದ್ದೆ."

ಮಗ ಇಷ್ಟು ದಿನ ಕರೆದರೂ ಹೋಗದಿದ್ದವರು ಅವರು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಮಾವ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತು, ಸದ್ದು ಕೇಳಿದಾಗಲೆಲ್ಲ ಶಿಸ್ತಿನ ಶಾಲಾ ಹುಡುಗನ ಹಾಗೆ ಕೈ ಎತ್ತುವುದನ್ನು ಮೈಕಮ್ಮ ಹೊರಗಿನಿಂದ ನೋಡಿದಳು. ಕೆಲವು ಸಲ ಪರೀಕ್ಷೆ ಮಾಡುವವರು ಸದ್ದಿನ ಗುಂಡಿ ಒತ್ತಿದ್ದು ಅವಳಿಗೆ ಕಾಣುತ್ತಿತ್ತು, ಆದರೆ ಅವರ ಕೈ ಮೇಲೇಳುತ್ತಿರಲಿಲ್ಲ. ತೆಳುವಾದ, ಕೀಚಲು ಸದ್ದುಗಳನ್ನು ಮಗ್ಗದ ಗದ್ದಲ ತಿಂದುಹಾಕಿದೆ, ಉಳಿದದ್ದು ಚೆನ್ನಾಗಿದೆ ಎಂದರು ಡಾಕ್ಟರು. ಒಂದು ಸಣ್ಣ ಯಂತ್ರವನ್ನು ಕಿವಿಯ ಹಿಂದೆ ಕೂರಿಸಿಕೊಟ್ಟರು.

ಮೊದಲ ವಾರ ಮಾವ ಅದನ್ನು ಬೈದದ್ದೇ ಬೈದದ್ದು. ಚಮಚ ಇಷ್ಟು ಸದ್ದು ಮಾಡುತ್ತದೆಂದು ಯಾರಿಗೆ ಗೊತ್ತಿತ್ತು, ಕಾಗದ ಮಡಿಸಿದರೆ ಪಟಾಕಿ ಹೊಡೆದ ಹಾಗೆ, ನಿಮ್ಮತ್ತೆ ನಿದ್ದೆಯಲ್ಲಿ ಇಷ್ಟು ಗೊರಕೆ ಹೊಡೆಯುತ್ತಾಳಾ ಎಂದರು. ಅತ್ತೆ "ನಂಗೆ ಗೊರಕೆನಾ?" ಎಂದು ಎರಡು ದಿನ ಮುಖ ಊದಿಸಿಕೊಂಡರು. ಮೈಕಮ್ಮ ಆಸ್ಪತ್ರೆಗೆ ಎರಡು ಸಲ ಎಡತಾಕಿ ಯಂತ್ರವನ್ನು ಹದಕ್ಕೆ ತರಿಸಿದಳು.

ಗಂಡನಿಗೂ ಒಂದು ರಿಯಾಯಿತಿ ಕೊಟ್ಟಳು. ಕ್ರಿಕೆಟ್ಟಿನ ದಿನ ಸ್ಟೇಡಿಯಂ ಹಾಕಿಕೊಳ್ಳಬಹುದು. ಸಿನಿಮಾದ ದಿನ ಆ ಗುಂಡಿಯ ಹತ್ತಿರ ಕೈ ಹೋಗಕೂಡದು. ಅವನು ಗೊಣಗುತ್ತಾ ಒಪ್ಪಿಕೊಂಡ. ಈಗ ಬೇಕರಿಯ ಗಿರಾಕಿಗಳಿಗೆ, "ನಿಮ್ಮ ನಡುವಿನ ಸ್ಪೀಕರು ಎಲ್ಲಿಟ್ಟಿದೀರಿ ಸಾರ್?" ಎಂದು ಕೇಳಿ, ಅವರು ಬೇಡವೆಂದರೂ ಬುದ್ಧಿ ಹೇಳಿ ಬರುತ್ತಾನಂತೆ.

ಮೊನ್ನೆ ಒಂದು ಕೋರ್ಟಿನ ಸಿನಿಮಾ ಹಾಕಿದ್ದರು. ಮುಗಿದದ್ದೇ ತಡ, ಮಾವ ಕುರ್ಚಿಯ ಕೈ ಗುದ್ದಿದರು.

"ಇಷ್ಟು ಕಷ್ಟಪಟ್ಟು ಕೇಳಿಸ್ಕೊಂಡಿದ್ದು ಇದಕ್ಕಾ? ಆ ವಕೀಲ ಆಡಿದ್ದರಲ್ಲಿ ಒಂದು ಮಾತಿಗೂ ತಲೆಬುಡ ಇಲ್ಲ!"

"ಯಾಕ್ರೀ ಇಲ್ಲ? ಎಷ್ಟು ಚೆನ್ನಾಗಿ ಹೇಳಿದ. ಕೋರ್ಟಲ್ಲಿ ಹಾಗೇ ಹೇಳ್ಬೇಕು," ಎಂದರು ಅತ್ತೆ.

"ನಿಂಗೆ ಏನು ಗೊತ್ತೇ, ಸಾಕ್ಷಿಯಿಲ್ಲದೆ..."

"ನೀವು ಸಾಕ್ಷಿ ಹೇಳಿದ್ದನ್ನ ಸರಿಯಾಗಿ ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ! ಒಂದೊಂದು ಮಾತೂ ಕೇಳಿಸ್ಕೊಂಡೆ!"

ಮೈಕಮ್ಮನಿಗೆ ಮಧ್ಯಾಹ್ನದ ಪಾಳಿ. ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, "ನಾನು ಬರ್ತೀನಿ ಅತ್ತೆ, ಬರ್ತೀನಿ ಮಾವ" ಎಂದು ಬಾಗಿಲಲ್ಲಿ ಎರಡು ಸಲ ಹೇಳಿದಳು. ವಾದದ ಭರದಲ್ಲಿ ಇಬ್ಬರೂ ಅವಳ ಕಡೆ ತಿರುಗಲಿಲ್ಲ. ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಕೆಳಗೆ ದರ್ಜಿಯ ಹೆಂಡತಿ ಬಾಗಿಲಲ್ಲಿ ನಿಂತು, "ಇವತ್ತು ಏನ್ ಬಿತ್ತಮ್ಮ ಮೇಲೆ?" ಎಂದು ಕೇಳಿದರು.

"ಏನೂ ಇಲ್ಲ ಅಕ್ಕಾ, ಅತ್ತೆ ಮಾವ ಮಾತಾಡ್ತಿದಾರೆ," ಎಂದು ನಗುತ್ತಾ ಅವಳು ನಿಲ್ದಾಣದ ಕಡೆ ಬಿರಬಿರನೆ ನಡೆದಳು.